ಹೊಸ ಶಿಕ್ಷಕರ ಮೊದಲ ವರ್ಷ: ಕ್ಲಸ್ಟರ್ ಮಟ್ಟದಲ್ಲಿ ಮಾರ್ಗದರ್ಶನದ ವ್ಯವಸ್ಥೆ ಕಟ್ಟುವ ಬಗೆ

ಹೊಸ ಶಿಕ್ಷಕಿಯೊಬ್ಬರು ಕರ್ತವ್ಯಕ್ಕೆ ಹಾಜರಾದ ದಿನ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅವರ ಪಾಲಿಗೆ ಬರುವುದು ಒಂದು ಹಾಜರಾತಿ ಪುಸ್ತಕ, ಒಂದು ಸೀಮೆಸುಣ್ಣದ ಪೆಟ್ಟಿಗೆ ಮತ್ತು ಮಕ್ಕಳು ತುಂಬಿದ ಒಂದು ಕೊಠಡಿ. ಅವರು ಡಿ.ಎಲ್.ಇಡಿ ಅಥವಾ ಬಿ.ಇಡಿ ಓದಿರುತ್ತಾರೆ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ), ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ (ಸಿಇಟಿ) ಇವನ್ನು ದಾಟಿ ಬಂದಿರುತ್ತಾರೆ, ಬೋಧನಾಭ್ಯಾಸದ ವಾರಗಳಲ್ಲಿ ಪಾಠ ಯೋಜನೆ ಬರೆದು ಪಾಠವನ್ನೂ ಮಾಡಿರುತ್ತಾರೆ. ಆದರೆ ಎರಡು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತಿರುವಾಗ, ಒಬ್ಬ ಅಳುತ್ತ, ಇನ್ನೊಬ್ಬ ನೀರು ಕುಡಿಯಲು ಎದ್ದು ಹೋಗುತ್ತ, ಹಿಂದಿನ ಸಾಲಿನವರು ಮಾತಿಗಿಳಿದಿರುವಾಗ ಪಾಠವನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದನ್ನು ಯಾವ ಪರೀಕ್ಷೆಯೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ. ಪಕ್ಕದ ಕೊಠಡಿಯ ಹಿರಿಯರಿಗೆ ಅವರದೇ ತರಗತಿ ಇರುತ್ತದೆ. ಮುಖ್ಯ ಶಿಕ್ಷಕರಿಗೆ ಕಚೇರಿಯ ಕೆಲಸವಿರುತ್ತದೆ. ಏಕೋಪಾಧ್ಯಾಯ ಶಾಲೆಯಾದರೆ ಪಕ್ಕದ ಕೊಠಡಿಯಲ್ಲಿ ಯಾರೂ ಇರುವುದಿಲ್ಲ.

2022ರಲ್ಲಿ ರಾಜ್ಯ ಸರ್ಕಾರ 6ರಿಂದ 8ನೇ ತರಗತಿಗಳ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ನೇಮಕಾತಿ ಪ್ರಕ್ರಿಯೆ ಆರಂಭಿಸಿತು. ಹಾಗೆ ಆಯ್ಕೆಯಾದವರಲ್ಲಿ ಹಲವರು ಶೈಕ್ಷಣಿಕ ವರ್ಷದ ನಡುವೆ, ಪಾಠಗಳು ಅರ್ಧದಲ್ಲಿರುವಾಗ ಶಾಲೆ ಸೇರಿದರು. ಇವರಲ್ಲದೆ ಪ್ರತಿವರ್ಷವೂ ಅತಿಥಿ ಶಿಕ್ಷಕರಾಗಿ ತರಗತಿಗೆ ಹೊಸದಾಗಿ ಬರುವವರಿದ್ದಾರೆ. ಇಂಥವರಿಗಾಗಿ ಒಂದು ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪು, ತನ್ನ ಮಟ್ಟದಲ್ಲಿಯೇ, ಹೊಸ ಅನುದಾನಕ್ಕೆ ಕಾಯದೆ, ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಸಿಆರ್‌ಪಿಗಳು (ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳು), ಮುಖ್ಯ ಶಿಕ್ಷಕರು ಮತ್ತು ಕಿರಿಯರಿಗೆ ನೆರವಾಗಬೇಕೆಂಬ ಮನಸ್ಸಿರುವ ಹಿರಿಯ ಶಿಕ್ಷಕರು ಇದರ ಓದುಗರೆಂದು ಭಾವಿಸಿದ್ದೇನೆ. ನಾನು ತರಗತಿಯಲ್ಲಿಯೂ ಇದ್ದವನು, ಕೆಲಕಾಲ ಸಿಆರ್‌ಪಿಯಾಗಿ ಶಾಲೆಗಳನ್ನು ಸುತ್ತಿದವನು. ಎರಡೂ ಕಡೆಯಿಂದ ಕಂಡದ್ದನ್ನೇ ಹೇಳುತ್ತಿದ್ದೇನೆ.

ನೆರವು ಬೇರೆ, ತಪಾಸಣೆ ಬೇರೆ

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದ ಮಾತು ಒಂದೇ: ಮಾರ್ಗದರ್ಶಿ ಶಿಕ್ಷಕರು ಹೊಸಬರ ಬಗ್ಗೆ ಯಾರಿಗೂ ವರದಿ ಕೊಡಕೂಡದು. ಇದು ಗಟ್ಟಿಯಾಗದಿದ್ದರೆ ಉಳಿದ ಯಾವ ಏರ್ಪಾಡಿನಿಂದಲೂ ಪ್ರಯೋಜನವಿಲ್ಲ. ಹೊಸದಾಗಿ ಸೇರಿದವರು ಪ್ರೊಬೇಷನ್ ಅವಧಿಯಲ್ಲಿರುತ್ತಾರೆ. ತಮ್ಮ ಸೇವೆ ಕಾಯಂ ಆಗಬೇಕೆಂಬ ಆತಂಕ ಅವರಲ್ಲಿ ಸದಾ ಇರುತ್ತದೆ. ತರಗತಿಯ ಹಿಂದೆ ಬಂದು ಕುಳಿತವರು ನಾಳೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಬಾಯಿ ಬಿಡುತ್ತಾರೇನೋ ಎಂಬ ಸಣ್ಣ ಅನುಮಾನ ಬಂದರೂ ಸಾಕು, ಆ ದಿನ ಅವರು ಮಕ್ಕಳಿಗೆ ಈಗಾಗಲೇ ಬರುವ ಪಾಠವನ್ನೇ ಮಾಡಿ ತೋರಿಸುತ್ತಾರೆ. ಎಲ್ಲರೂ ಕೈ ಎತ್ತುತ್ತಾರೆ, ಎಲ್ಲರೂ ಸರಿಯುತ್ತರ ಹೇಳುತ್ತಾರೆ, ಬಂದವರು ಸಂದರ್ಶನ ವಹಿಯಲ್ಲಿ "ಬೋಧನೆ ತೃಪ್ತಿಕರ" ಎಂದು ಬರೆದು ಸಹಿ ಹಾಕಿ ಹೋಗುತ್ತಾರೆ. ನಿಜವಾದ ತೊಡಕು ಮಾತ್ರ ಇದ್ದಲ್ಲಿಯೇ ಇರುತ್ತದೆ.

ಆದ್ದರಿಂದ ಮುಖ್ಯ ಶಿಕ್ಷಕರಾಗಲಿ ಸಿಆರ್‌ಪಿಯಾಗಲಿ ತಾವೇ ಮಾರ್ಗದರ್ಶಿಗಳಾಗುವುದು ಸರಿಯಲ್ಲ. ಅವರಿಗೆ ಮೇಲ್ವಿಚಾರಣೆಯ ಹೊಣೆ ಇದೆ, ಆ ಹೊಣೆಯನ್ನು ಅವರು ಬಿಡಲೂ ಬಾರದು. ಸಿಆರ್‌ಪಿ ಮಾಡಬೇಕಾದದ್ದು ಜೋಡಿಗಳನ್ನು ಕೂಡಿಸುವುದು, ಸಮಯ ಒದಗಿಸುವುದು, ಅಡ್ಡಿಗಳನ್ನು ಸರಿಸುವುದು. ಮಾರ್ಗದರ್ಶಿಯಿಂದ ಅವರು ಕೇಳಬಹುದಾದದ್ದು ಭೇಟಿ ನಡೆದ ದಿನಾಂಕಗಳನ್ನು ಮಾತ್ರ. ಭೇಟಿಯಲ್ಲಿ ಬರೆದ ಟಿಪ್ಪಣಿ ಹೊಸ ಶಿಕ್ಷಕರದೇ ಆಸ್ತಿ, ಅವರ ಬಳಿಯೇ ಉಳಿಯಬೇಕು. ಈ ಒಪ್ಪಂದವನ್ನು ಕ್ಲಸ್ಟರಿನ ಮೊದಲ ಸಮಾಲೋಚನಾ ಸಭೆಯಲ್ಲಿ ಹೊಸಬರು, ಹಿರಿಯರು, ಮುಖ್ಯ ಶಿಕ್ಷಕರು ಎಲ್ಲರೂ ಕುಳಿತಿರುವಾಗ ಬಾಯಿಬಿಟ್ಟು ಹೇಳಿ, ನಡಾವಳಿಯಲ್ಲಿ ಬರೆಯಿಸಿ. ಮಗುವಿನ ಸುರಕ್ಷತೆಗೆ ಧಕ್ಕೆಯಾಗುವಂಥದ್ದು ಕಂಡರೆ ಈ ಗೋಪ್ಯತೆ ಅನ್ವಯಿಸುವುದಿಲ್ಲ ಎಂಬ ಒಂದೇ ಒಂದು ವಿನಾಯಿತಿಯನ್ನೂ ಅದೇ ಸಭೆಯಲ್ಲಿ ಸ್ಪಷ್ಟಪಡಿಸಿ.

ಮಾರ್ಗದರ್ಶಿಯ ಆಯ್ಕೆ

ಸೇವಾ ಜ್ಯೇಷ್ಠತೆಯ ಪಟ್ಟಿ ಮುಂದಿಟ್ಟುಕೊಂಡು ಮೇಲಿನಿಂದ ಹೆಸರು ಎತ್ತುವುದು ಸುಲಭದ ದಾರಿ, ಆದರೆ ಅದು ಸಾಮಾನ್ಯವಾಗಿ ತಪ್ಪು ದಾರಿ. ಮೂವತ್ತು ವರ್ಷ ಪಾಠ ಮಾಡಿದವರಲ್ಲಿ ಅಪರೂಪದ ಮಾರ್ಗದರ್ಶಿಗಳಿದ್ದಾರೆ; ತಮಗೆ ಮೊದಲ ವರ್ಷ ಏನು ಕಷ್ಟವಾಗಿತ್ತು ಎಂಬುದೇ ಮರೆತುಹೋದವರೂ ಇದ್ದಾರೆ. ನನ್ನ ಅನುಭವದಲ್ಲಿ ಎಂಟರಿಂದ ಹದಿನೈದು ವರ್ಷ ಸೇವೆಯಾದವರು ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತಾರೆ. ಅವರ ಕೈಯಲ್ಲಿ ಕಸುಬು ನಿಂತಿರುತ್ತದೆ, ತಡವರಿಸಿದ ನೆನಪೂ ಹಸಿಯಾಗಿರುತ್ತದೆ. ಆಯ್ಕೆ ಮಾಡುವಾಗ ಒಂದು ಪ್ರಶ್ನೆ ಕೇಳಿ ನೋಡಿ: "ನಿಮ್ಮ ತರಗತಿಗೆ ಯಾವಾಗ ಬೇಕಾದರೂ ಬಂದು ಕೂರಬಹುದೇ?" ಇದಕ್ಕೆ "ಬನ್ನಿ, ಮುಂಚೆ ಹೇಳಬೇಕಾಗಿಲ್ಲ" ಎನ್ನುವವರನ್ನು ಆರಿಸಿಕೊಳ್ಳಿ. ತಮ್ಮ ಬಾಗಿಲು ತೆರೆದಿಡಲು ಅಂಜುವವರು ಇನ್ನೊಬ್ಬರ ಬಾಗಿಲು ತಟ್ಟುವುದು ನ್ಯಾಯವಲ್ಲ.

ಜೋಡಿ ಮಾಡುವಾಗ ಪಾಠ ಮಾಡುವ ತರಗತಿ ಒಂದೇ ಆಗಿರಲಿ. ಚಿಕ್ಕ ತರಗತಿಗಳ ಮಕ್ಕಳು ಗುಂಪುಗಳಲ್ಲಿ ಕಾರ್ಡುಗಳ ನೆರವಿನಿಂದ ಕಲಿಯುವ ನಲಿ-ಕಲಿ ತರಗತಿಗೆ ಬಂದವರಿಗೆ ನಲಿ-ಕಲಿ ಮಾಡುವವರೇ ಬೇಕು. ಏಳನೆಯ ತರಗತಿಗೆ ವಿಜ್ಞಾನ ಹೇಳುವವರಿಗೆ ಇಂಗ್ಲಿಷ್ ಶಿಕ್ಷಕರು ಒಳ್ಳೆಯ ಗೆಳೆಯರಾಗಬಹುದು, ಆದರೆ ಬೆಳಕಿನ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ಅವರು ಹೇಳಲಾರರು. ಹೆಣ್ಣುಮಕ್ಕಳು ಮಾರ್ಗದರ್ಶಿಯಾಗಿ ಮಹಿಳೆಯನ್ನೇ ಬಯಸಿದರೆ ಕಾರಣ ಕೇಳದೆ ಒಪ್ಪಿಕೊಳ್ಳಿ. ಇಬ್ಬರ ಶಾಲೆಗಳ ನಡುವೆ ಬಸ್ಸಿನಲ್ಲೋ ಬೈಕಿನಲ್ಲೋ ಅರ್ಧ ಗಂಟೆಗಿಂತ ಹೆಚ್ಚು ಹಾದಿಯಿದ್ದರೆ ಮಳೆಗಾಲದಲ್ಲಿ ಭೇಟಿಗಳು ತಾವಾಗಿಯೇ ನಿಂತುಹೋಗುತ್ತವೆ, ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಬ್ಬ ಮಾರ್ಗದರ್ಶಿಗೆ ಇಬ್ಬರು ಹೊಸಬರು ಸಾಕು, ಮೂವರಾದರೆ ಹೊರೆ. ಆರು ವಾರ ಕಳೆದ ಮೇಲೆ ಯಾವ ಜೋಡಿಯಾದರೂ ಬೇರೆಯಾಗಲು ಬಯಸಿದರೆ ಕಾರಣ ಹೇಳಬೇಕಿಲ್ಲ ಎಂದು ಮೊದಲೇ ತಿಳಿಸಿಬಿಡಿ.

ಆಯ್ಕೆಯಾದವರಿಗೆ ಒಂದು ದಿನದ ತಯಾರಿ ಅಗತ್ಯ, ಉಪನ್ಯಾಸ ಬೇಡ. ಯಾವುದಾದರೂ ಪಾಠದ ಹದಿನೈದು ನಿಮಿಷದ ವಿಡಿಯೊ ಹಾಕಿ, ಕಂಡದ್ದನ್ನು ಬರೆಯಲು ಹೇಳಿ, ಆಮೇಲೆ ಎಲ್ಲರ ಬರಹವನ್ನೂ ಗಟ್ಟಿಯಾಗಿ ಓದಿಸಿ. "ತರಗತಿ ನಿಯಂತ್ರಣ ಇರಲಿಲ್ಲ" ಎಂದು ಒಬ್ಬರು ಬರೆದಿರುತ್ತಾರೆ. "ಗುಂಪು ಕೆಲಸ ಶುರುವಾದ ಮೇಲೆ ಕಿಟಕಿ ಪಕ್ಕದ ನಾಲ್ಕು ಮಕ್ಕಳಿಗೆ ಹಾಳೆ ಸಿಗಲಿಲ್ಲ, ಅವರು ಮಾತಾಡತೊಡಗಿದರು" ಎಂದು ಇನ್ನೊಬ್ಬರು ಬರೆದಿರುತ್ತಾರೆ. ಮೊದಲನೆಯದು ತೀರ್ಪು, ಎರಡನೆಯದು ಕಂಡ ಸಂಗತಿ. ಎರಡನೆಯ ಬಗೆಯ ಬರಹ ಕೈಗೆ ಹತ್ತುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿಸಿ.

ಸಮಯ ಎಲ್ಲಿಂದ ತರುವುದು

ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಹೊಸ ಶಿಕ್ಷಕರಿಗೆ ಎರಡು ವರ್ಷಗಳ ಬೆಂಬಲವನ್ನು ಕಡ್ಡಾಯ ಮಾಡಿದಾಗ, ಮೊದಲ ವರ್ಷ ಬೋಧನಾ ಅವಧಿಗಳಲ್ಲಿ ಶೇ 10ರಷ್ಟು, ಎರಡನೆಯ ವರ್ಷ ಶೇ 5ರಷ್ಟು ಕಡಿತವನ್ನೂ ಜೊತೆಗೇ ಕೊಟ್ಟರು. ಜಪಾನ್ 1988ರಲ್ಲಿ ಕಾನೂನು ತಿದ್ದಿ, ಮರುವರ್ಷದಿಂದ ಹೊಸ ಶಿಕ್ಷಕರಿಗೆ ಒಂದು ವರ್ಷದ ತರಬೇತಿಯನ್ನು ಶಾಲೆಯ ಕೆಲಸದ ಭಾಗವಾಗಿಯೇ ಜಾರಿಗೆ ತಂದಿತು. ನಮ್ಮಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ 2020 ರಾಷ್ಟ್ರೀಯ ಮಾರ್ಗದರ್ಶನ ಮಿಷನ್ ಒಂದನ್ನು ಸ್ಥಾಪಿಸಬೇಕೆಂದು ಹೇಳಿದೆ, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯ ಚಟುವಟಿಕೆಗಳಲ್ಲಿ ತೊಡಗಬೇಕೆಂದೂ ಹೇಳಿದೆ. ಆದರೆ ನಮ್ಮ ಪ್ರಾಥಮಿಕ ಶಾಲೆಗಳ ವೇಳಾಪಟ್ಟಿಯಲ್ಲಿ ಹೊಸಬರಿಗೆಂದು ಬಿಟ್ಟ ಅವಧಿಯಿಲ್ಲ. ನೀತಿಯಲ್ಲಿರುವುದು ವೇಳಾಪಟ್ಟಿಗೆ ಇಳಿಯುವವರೆಗೆ ನಾವು ಇರುವುದರಲ್ಲಿಯೇ ಜಾಗ ಹುಡುಕಬೇಕು.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರ ವಾರದ ಕೆಲಸ, ಪಾಠದ ಸಿದ್ಧತೆಯೂ ಸೇರಿ, ಕನಿಷ್ಠ 45 ಗಂಟೆ ಎಂದಿದೆ. ಸಿದ್ಧತೆಯೂ ಕೆಲಸವೇ ಎಂದು ಕಾಯ್ದೆಯೇ ಒಪ್ಪಿರುವುದನ್ನು ಮುಖ್ಯ ಶಿಕ್ಷಕರ ಗಮನಕ್ಕೆ ತನ್ನಿ. ಇನ್ನು ಕಾರ್ಯಸಾಧ್ಯವಾದ ದಾರಿ ಶನಿವಾರ. ಅಂದು ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ಕೂತು ಮಾತಾಡಬಹುದು. ಕುಳಿತು ಮಾತಾಡುವುದಕ್ಕೆ ಶನಿವಾರ ಸಾಕು, ಆದರೆ ತರಗತಿ ನೋಡುವುದಕ್ಕೆ ಮಕ್ಕಳು ಬೇಕಲ್ಲ. ಅದಕ್ಕಾಗಿ ತಿಂಗಳಿಗೆ ಎರಡು ಅರ್ಧ ದಿನ ಮಾರ್ಗದರ್ಶಿಯನ್ನು ಅವರ ಶಾಲೆಯಿಂದ ಬಿಡುಗಡೆ ಮಾಡಬೇಕಾಗುತ್ತದೆ. ಆ ಅರ್ಧ ದಿನ ಅವರ ತರಗತಿಯನ್ನು ಯಾರು ನೋಡಿಕೊಳ್ಳುತ್ತಾರೆಂಬುದನ್ನು ಜೂನ್‌ನಲ್ಲಿಯೇ ಬರೆದಿಡಿ. "ಹೇಗೋ ಹೊಂದಿಸಿಕೊಳ್ಳೋಣ" ಎಂದು ಬಿಟ್ಟದ್ದು ಆಗಸ್ಟ್‌ಗೆ ನಿಂತುಹೋದದ್ದನ್ನು ಹಲವು ಸಲ ನೋಡಿದ್ದೇನೆ. ಏಕೋಪಾಧ್ಯಾಯ ಶಾಲೆಯ ಹೊಸ ಶಿಕ್ಷಕರು ಮಾರ್ಗದರ್ಶಿಯ ತರಗತಿ ನೋಡಲು ಹೋಗಬೇಕಾದ ದಿನ ಸಿಆರ್‌ಪಿಯೇ ಆ ಶಾಲೆಯಲ್ಲಿ ಪಾಠ ಮಾಡಲಿ. ನಾನು ಹಾಗೆ ಮಾಡಿದ ದಿನಗಳಲ್ಲಿ ಆ ಶಾಲೆಯ ಬಗ್ಗೆ ತಿಳಿದುಕೊಂಡಷ್ಟನ್ನು ಯಾವ ಭೇಟಿಯಲ್ಲಿಯೂ ತಿಳಿದುಕೊಂಡಿರಲಿಲ್ಲ.

ಮೊದಲ ಎರಡು ವಾರ

ಈ ದಿನಗಳಲ್ಲಿ ಬೋಧನಾ ವಿಧಾನದ ಮಾತು ಎತ್ತಬೇಡಿ. ದೂರದ ಜಿಲ್ಲೆಯಿಂದ ಬಂದವರಿಗೆ ಬಾಡಿಗೆಗೆ ಒಂದು ಕೋಣೆ, ಬೆಳಗಿನ ಬಸ್ಸಿನ ಸಮಯ, ಊಟದ ವ್ಯವಸ್ಥೆ ಮೊದಲ ಚಿಂತೆಯಾಗಿರುತ್ತವೆ. ದಾಖಲೆಗಳ ಪರಿಶೀಲನೆ ಮುಗಿದು ಮೊದಲ ಸಂಬಳ ಕೈಸೇರಲು ತಿಂಗಳುಗಳೇ ಹಿಡಿಯಬಹುದು ಎಂದು ಮುಂಚಿತವಾಗಿ ತಿಳಿಸುವುದೂ ಒಂದು ಉಪಕಾರ. ಸೇವಾ ಪುಸ್ತಕ ತೆರೆಸುವುದು, ಸರ್ಕಾರಿ ನೌಕರರ ಕೆಜಿಐಡಿ ವಿಮೆ, ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನ ಪ್ರಾನ್ ಖಾತೆ ಸಂಖ್ಯೆ ಇವಕ್ಕೆ ಯಾವ ವಿಷಯ ನಿರ್ವಾಹಕರನ್ನು ಕಾಣಬೇಕೆಂದು ಹೇಳಿ, ಸಾಧ್ಯವಾದರೆ ಒಂದು ಸಲ ಜೊತೆಗೆ ಹೋಗಿ. ಬಿಸಿಯೂಟದ ಲೆಕ್ಕ, ಹಾಲು ವಿತರಣೆ, ಎಸ್‌ಎಟಿಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ವಿವರ ತುಂಬುವುದು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಪರಿಚಯ, ಅಡುಗೆಯವರ ಪರಿಚಯ, ಇಷ್ಟು ಆಗಲಿ.

ಭಾಷೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಮೈಸೂರು ಕಡೆಯಿಂದ ಯಾದಗಿರಿಗೋ ಕೊಪ್ಪಳಕ್ಕೋ ಹೋದವರಿಗೆ ಮಗು "ಟೀಚರ್ರೀ, ಪಾಟಿ ತಂದಿಲ್ರೀ" ಎಂದರೆ ಪಾಟಿಯೆಂದರೆ ಸ್ಲೇಟು ಎಂದು ಹೊಳೆಯಲು ಒಂದು ಗಳಿಗೆ ಬೇಕು. ಅದು ದೊಡ್ಡ ತೊಂದರೆಯಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಅಥವಾ ತುಳು ಆಡುವ ಮಕ್ಕಳು ಒಂದನೆಯ ತರಗತಿಗೆ ಬಂದು ಮೌನವಾಗಿ ಕುಳಿತರೆ, ಹೊಸ ಶಿಕ್ಷಕರು ಆ ಮೌನವನ್ನು ದಡ್ಡತನವೆಂದು ತಿಳಿಯುವ ಅಪಾಯವಿದೆ. ಅದೇ ನಿಜವಾದ ತೊಂದರೆ. ಆ ಊರಿನ ಮಾತು ಬಲ್ಲ ಮಾರ್ಗದರ್ಶಿಯೊಬ್ಬರು ಮೊದಲ ವಾರದಲ್ಲಿಯೇ ಒಂದು ತಾಂಡಾಕ್ಕೋ ಓಣಿಗೋ ಅವರನ್ನು ಕರೆದುಕೊಂಡು ಹೋಗಿ, ಶಾಲೆಯಲ್ಲಿ ಬಾಯಿಬಿಡದ ಅದೇ ಮಗು ಮನೆಯ ಮುಂದೆ ಹೇಗೆ ಹರಟುತ್ತದೆಂದು ತೋರಿಸಿದರೆ ಆ ತಪ್ಪು ತಿಳಿವಳಿಕೆ ಅಂದೇ ಕಳೆಯುತ್ತದೆ.

ತರಗತಿ ನೋಡುವ ಮತ್ತು ಮಾತಾಡುವ ಕ್ರಮ

ಮಾರ್ಗದರ್ಶನದ ತಿರುಳು ಇರುವುದು ಇಲ್ಲಿ. ಮೊದಲ ಆರು ವಾರ ವಾರಕ್ಕೊಮ್ಮೆ ಮಾತು ನಡೆಯಲಿ, ಅದರಲ್ಲಿ ಎರಡು ಸಲವಾದರೂ ತರಗತಿ ನೋಡುವುದಿರಲಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಸಾಕು, ಜನವರಿಯ ಹೊತ್ತಿಗೆ ತಿಂಗಳಿಗೊಮ್ಮೆ ಆದರೂ ಸರಿ. ತರಗತಿಗೆ ಹೋಗುವ ಮುನ್ನ ಐದು ನಿಮಿಷ ಹೊರಗೆ ನಿಂತು ಕೇಳಿ: "ಇವತ್ತು ನಾನು ಏನನ್ನು ಗಮನಿಸಲಿ?" ಹೊಸಬರು ಹೇಳಿದ ಒಂದನ್ನೇ ಗಮನಿಸಿ. ಒಳಗೆ ಹೋದ ಮೇಲೆ ಹಿಂದೆ, ಮಕ್ಕಳ ಮಟ್ಟಕ್ಕೆ ಕೆಳಗೆ ಕುಳಿತುಕೊಳ್ಳಿ. ಕುರ್ಚಿ ಹಾಕಿಸಿಕೊಂಡರೆ ನೀವು ಮಕ್ಕಳ ಕಣ್ಣಿಗೆ ಸಾಹೇಬರಾಗುತ್ತೀರಿ. ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಶಿಕ್ಷಕರು ಹೇಳಿದ್ದು ಮಾಡಿದ್ದು, ಬಲಕ್ಕೆ ಮಕ್ಕಳು ಹೇಳಿದ್ದು ಮಾಡಿದ್ದು, ಆಗಾಗ ಗಡಿಯಾರ ನೋಡಿ ಸಮಯ ಬರೆಯಿರಿ. ಶಿಕ್ಷಕರು ಕಪ್ಪುಹಲಗೆಯ ಮೇಲೆ ತಪ್ಪು ಬರೆದರೂ ಮಕ್ಕಳೆದುರು ತಿದ್ದಬೇಡಿ, ಪಾಠವನ್ನು ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಹಿರಿಯರೊಬ್ಬರು ಎದ್ದು ಬಂದು ಸೀಮೆಸುಣ್ಣ ಇಸಿದುಕೊಂಡ ದಿನವನ್ನು ಹೊಸ ಶಿಕ್ಷಕರು ವರ್ಷವೆಲ್ಲ ಮರೆಯುವುದಿಲ್ಲ, ಮಕ್ಕಳೂ ಮರೆಯುವುದಿಲ್ಲ.

ಒಂದು ಪ್ರಸಂಗವನ್ನು ವಿವರವಾಗಿಯೇ ಹೇಳುತ್ತೇನೆ. ಜೂನ್ ಕೊನೆಯ ವಾರ, ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿಮಾಡುವ ಸೇತುಬಂಧದ ದಿನಗಳು, ನಾಲ್ಕನೆಯ ತರಗತಿ. ಸೇವೆಗೆ ಸೇರಿ ಮೂರು ವಾರವಾಗಿದ್ದ ಶಿಕ್ಷಕಿ ದಶಕ ಬಿಡಿಸುವ ಕಳೆಯುವ ಲೆಕ್ಕ ತೆಗೆದುಕೊಂಡಿದ್ದರು. ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಚೊಕ್ಕವಾಗಿ ಮಾಡಿ ತೋರಿಸಿ, "ಅರ್ಥ ಆಯ್ತಾ?" ಎಂದರು. "ಆಯ್ತು ಟೀಚರ್" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ಆಮೇಲೆ 42ರಲ್ಲಿ 17 ಕಳೆಯಲು ಕೊಟ್ಟು, ಮುಂದಿನ ಸಾಲಿನ ಮೂವರ ಪುಸ್ತಕ ನೋಡಿ ಸರಿ ಗುರುತು ಹಾಕಿ ಮುಂದಿನ ಲೆಕ್ಕಕ್ಕೆ ಹೋದರು. ನನ್ನ ಅಕ್ಕಪಕ್ಕ ಹಿಂದೆ ಕುಳಿತಿದ್ದ ಆರು ಮಕ್ಕಳಲ್ಲಿ ನಾಲ್ವರು 35 ಎಂದು ಬರೆದಿದ್ದರು. ಬಿಡಿ ಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲವಾದ್ದರಿಂದ ಏಳರಿಂದ ಎರಡನ್ನು ಕಳೆದು 5 ಬರೆದಿದ್ದರು, ಆಮೇಲೆ ನಾಲ್ಕರಲ್ಲಿ ಒಂದು ಕಳೆದು 3. ಅದು ಅಜಾಗರೂಕತೆಯಿಂದಾದ ತಪ್ಪಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಹಿಂದೆ ಕಲಿತದ್ದನ್ನು ಆ ಮಕ್ಕಳು ಶ್ರದ್ಧೆಯಿಂದ ಪಾಲಿಸಿದ್ದರು. ನಾನು ಬಲಗಡೆಯ ಅಂಕಣದಲ್ಲಿ "ಹಿಂದಿನ ಸಾಲು, 42 − 17 = 35, ನಾಲ್ವರು" ಎಂದಷ್ಟೇ ಬರೆದುಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಕುಳಿತಾಗ ಆ ಸಂಗತಿಯನ್ನು ನಾನು ಮೊದಲು ಎತ್ತಲಿಲ್ಲ. "ಪಾಠ ಹೇಗಾಯಿತು ಅನ್ನಿಸಿತು ಮೇಡಂ?" ಎಂದು ಕೇಳಿದೆ. "ಪರವಾಗಿಲ್ಲ ಸರ್, ಎಲ್ಲರಿಗೂ ಅರ್ಥವಾಯಿತು ಅನ್ನಿಸುತ್ತದೆ" ಎಂದರು. "ಹಾಗೆಂದು ನಿಮಗೆ ಯಾವುದರಿಂದ ಗೊತ್ತಾಯಿತು?" ಎಂದು ಕೇಳಿ ಸುಮ್ಮನೆ ಕುಳಿತೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಆಯ್ತು ಎಂದರಲ್ಲ" ಎಂದರು, ಮರುಕ್ಷಣವೇ ತಾವೇ, "ಹಿಂದಿನವರ ಪುಸ್ತಕ ನೋಡಲಿಲ್ಲ" ಎಂದರು. ಆಗ ನನ್ನ ಹಾಳೆಯನ್ನು ಅವರ ಕಡೆ ತಿರುಗಿಸಿದೆ. 35 ಹೇಗೆ ಬಂತೆಂದು ಅವರೇ ಬೆರಳಿಟ್ಟು ಲೆಕ್ಕ ಹಾಕಿ ಕಂಡುಕೊಂಡರು. ಮುಂದಿನ ವಾರಕ್ಕೆ ಎರಡು ಕೆಲಸ ಒಪ್ಪಿಕೊಂಡೆವು. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತು ಹತ್ತರ ಕಂತೆ ಕಟ್ಟಿ ಪ್ರತಿ ಗುಂಪಿಗೂ ಕೊಡುವುದು ಒಂದು. ನಾಲ್ಕು ಕಂತೆ, ಎರಡು ಬಿಡಿ ಕಡ್ಡಿ ಹಿಡಿದ ಮಗುವನ್ನು ಹದಿನೇಳು ಕೊಡು ಎಂದರೆ ಅದು ಒಂದು ಕಂತೆಯನ್ನು ಬಿಚ್ಚಲೇಬೇಕು. ಎರಡನೆಯದು, "ಅರ್ಥ ಆಯ್ತಾ" ಎಂಬ ಪ್ರಶ್ನೆಯನ್ನು ಬಿಟ್ಟು ಒಂದು ಲೆಕ್ಕ ಕೊಟ್ಟು ಹಿಂದಿನ ಸಾಲಿನಿಂದಲೇ ಪುಸ್ತಕ ನೋಡಲು ಆರಂಭಿಸುವುದು. ಅಂದು ನಾನು ಅಕ್ಷರದ ಗಾತ್ರ, ದನಿ, ವೇಳೆ, ಪಾಠೋಪಕರಣ ಎಂದು ಹತ್ತು ಸೂಚನೆ ಕೊಡಬಹುದಿತ್ತು. ಕೊಟ್ಟಿದ್ದರೆ ಈ ಒಂದೂ ಉಳಿಯುತ್ತಿರಲಿಲ್ಲ.

ಈ ಪ್ರಸಂಗದಲ್ಲಿರುವ ಕ್ರಮವನ್ನೇ ನಿಮ್ಮ ಮಾರ್ಗದರ್ಶಿಗಳೂ ಅನುಸರಿಸಲಿ. ಮಾತು ಅದೇ ದಿನ ನಡೆಯಬೇಕು. ಹೊಸಬರು ಮೊದಲು ಮಾತಾಡಬೇಕು. ಮಾತು ಮಕ್ಕಳು ಬರೆದದ್ದರ ಮೇಲೆ ನಿಲ್ಲಬೇಕು. ಶಿಕ್ಷಕರ ಸ್ವಭಾವ, ದನಿ, ಸೀರೆ, ನಡೆ ನುಡಿಗಳತ್ತ ಅದು ಜಾರಕೂಡದು. ಕೊನೆಯಲ್ಲಿ ಒಂದೋ ಎರಡೋ ಕೆಲಸವನ್ನು ಹೊಸಬರೇ ತಮ್ಮ ಕೈಬರಹದಲ್ಲಿ ಬರೆದುಕೊಳ್ಳಬೇಕು, ಮುಂದಿನ ಭೇಟಿ ಅಲ್ಲಿಂದಲೇ ಶುರುವಾಗಬೇಕು. "ಚೆನ್ನಾಗಿತ್ತು, ಬೋರ್ಡ್ ವರ್ಕ್ ಸ್ವಲ್ಪ ಸುಧಾರಿಸಿಕೊಳ್ಳಿ" ಎಂಬಂಥ ಮಾತು ಯಾರಿಗೂ ನೋವು ಮಾಡುವುದಿಲ್ಲ, ಯಾರಿಗೂ ಏನನ್ನೂ ಕಲಿಸುವುದೂ ಇಲ್ಲ.

ನಲಿ-ಕಲಿ ತರಗತಿಗೆ ಬಂದವರು

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕೈಯಾರೆ ಕಟ್ಟಿ ಬೆಳೆಸಿದ ಪದ್ಧತಿ. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಕಾರ್ಡುಗಳು, ಐದು ಗುಂಪಿನ ತಟ್ಟೆಗಳು, ತಲೆಯ ಮೇಲಿನ ಚಪ್ಪರ ಇವನ್ನು ಪುಸ್ತಕದಲ್ಲಿ ಓದಿ ತಿಳಿದವರೂ ಮೊದಲ ದಿನ ಆ ತರಗತಿಯಲ್ಲಿ ಕಂಗಾಲಾಗುತ್ತಾರೆ. ಒಂದೇ ಹೊತ್ತಿಗೆ ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ ಬೇಕು, ಇನ್ನೊಂದಕ್ಕೆ ಭಾಗಶಃ, ಉಳಿದವು ಸಹಪಾಠಿಗಳ ನೆರವಿನಿಂದಲೋ ತಾವಾಗಿಯೋ ಕಲಿಯುತ್ತಿರಬೇಕು. ಇಲ್ಲಿ ವಿವರಣೆ ಸಾಲದು. ಹೊಸಬರನ್ನು ಒಂದು ಇಡೀ ದಿನ ಮಾರ್ಗದರ್ಶಿಯ ನಲಿ-ಕಲಿ ತರಗತಿಗೆ ಕಳಿಸಿ. ಅಂದು ಅವರು ಎಲ್ಲವನ್ನೂ ನೋಡಲು ಹೋಗದೆ ಸ್ವಕಲಿಕೆಯ ಗುಂಪಿನ ಪಕ್ಕದಲ್ಲಿಯೇ ಕುಳಿತು, ಶಿಕ್ಷಕರು ಬಾರದಿದ್ದರೂ ಆ ಮಕ್ಕಳು ಕಾರ್ಡು ತೆಗೆದುಕೊಂಡು ಕೆಲಸ ಹೇಗೆ ನಡೆಸುತ್ತಾರೆ, ಎಲ್ಲಿ ನಿಲ್ಲುತ್ತಾರೆ, ನಿಂತಾಗ ಯಾರನ್ನು ಕೇಳುತ್ತಾರೆ ಎಂಬುದನ್ನಷ್ಟೇ ಬರೆದುಕೊಳ್ಳಲಿ. ಶಿಕ್ಷಕರ ಕೈ ಬಿಡುವಾಗುವುದು ಆ ಗುಂಪಿನಿಂದಲೇ ಎಂದು ಕಂಡ ಮೇಲೆ ಉಳಿದದ್ದು ತಾನಾಗಿ ಹಿಡಿತಕ್ಕೆ ಬರುತ್ತದೆ.

ಕೋಲು, ಗದ್ದಲ, ದಾಖಲೆ

ಗದ್ದಲದ ತರಗತಿಯಿಂದ ಹೊರಬಂದ ಹೊಸಬರಿಗೆ ಶಿಕ್ಷಕರ ಕೊಠಡಿಯಲ್ಲಿ ಸಿಗುವ ಮೊದಲ ಸಲಹೆ ಎಷ್ಟೋ ಸಲ "ಒಂದೆರಡು ಕೊಡಿ, ಸರಿಹೋಗುತ್ತಾರೆ" ಎಂಬುದೇ. ಮಾರ್ಗದರ್ಶಿ ಇಲ್ಲಿ ಮೆತ್ತಗಾಗಬಾರದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಹೊಡೆಯಬೇಡಿ ಎಂದಷ್ಟೇ ಹೇಳಿ ಬಿಟ್ಟರೆ ಹೊಸಬರ ಕೈ ಬರಿದಾಗುತ್ತದೆ. ಗದ್ದಲ ಯಾವ ಗಳಿಗೆಯಲ್ಲಿ ಶುರುವಾಗುತ್ತದೆ ಎಂಬುದನ್ನು ಎರಡು ಅವಧಿ ಗುರುತಿಸಿ ತೋರಿಸಿ. ಬಹುಪಾಲು ಅದು ಒಂದು ಕೆಲಸ ಮುಗಿದು ಇನ್ನೊಂದು ಆರಂಭವಾಗುವ ನಡುವೆ, ಶಿಕ್ಷಕರು ಬೆನ್ನು ತಿರುಗಿಸಿ ಹಲಗೆಯ ಮೇಲೆ ಬರೆಯುವಾಗ, ಬೇಗ ಮುಗಿಸಿದ ಮಕ್ಕಳಿಗೆ ಮುಂದೇನೆಂದು ತಿಳಿಯದಿದ್ದಾಗ ಹುಟ್ಟುತ್ತದೆ. ಬೇಗ ಮುಗಿಸಿದವರಿಗೆ ಮಾಡಲು ಏನಿದೆ ಎಂದು ಪಾಠ ಟಿಪ್ಪಣಿಯಲ್ಲಿ ಒಂದು ಸಾಲು ಬರೆಯುವ ಅಭ್ಯಾಸವಾದರೆ ಅರ್ಧ ಗದ್ದಲ ಇಳಿಯುತ್ತದೆ.

ದಾಖಲೆಗಳ ವಿಷಯದಲ್ಲಿ ಒಂದೇ ಎಚ್ಚರಿಕೆ. ವಾರ್ಷಿಕ ಪಾಠ ಹಂಚಿಕೆ, ಪಾಠ ಟಿಪ್ಪಣಿ, ರೂಪಣಾತ್ಮಕ ಮೌಲ್ಯಮಾಪನದ ಅಂಕಪಟ್ಟಿ ಇವುಗಳ ನಮೂನೆ ಕೊಡಿ, ತುಂಬಿದ ಪ್ರತಿ ಕೊಡಬೇಡಿ. ತುಂಬಿದ ಪ್ರತಿ ನಕಲಾಗುತ್ತದೆ, ನಕಲಾದ ಟಿಪ್ಪಣಿಯಲ್ಲಿ ಆ ಶಾಲೆಯ ಮಕ್ಕಳು ಇರುವುದಿಲ್ಲ.

ಮುಖ್ಯ ಶಿಕ್ಷಕರಲ್ಲಿ ಒಂದು ಕೋರಿಕೆ

ಕಿರಿಯರೆಂಬ ಕಾರಣಕ್ಕೆ ಪ್ರತಿಭಾ ಕಾರಂಜಿಯ ತಯಾರಿ, ಕ್ರೀಡಾಕೂಟ, ರಾಷ್ಟ್ರೀಯ ಹಬ್ಬಗಳ ಕಾರ್ಯಕ್ರಮ, ಆನ್‌ಲೈನ್ ಮಾಹಿತಿ ತುಂಬುವುದು, ಜೊತೆಗೆ ಯಾರೂ ಬೇಡವೆಂದ ತರಗತಿ, ಎಲ್ಲವನ್ನೂ ಹೊಸಬರ ಹೆಗಲಿಗೆ ಹಾಕುವ ರೂಢಿ ನಮ್ಮ ಶಾಲೆಗಳಲ್ಲಿದೆ. ಕಂಪ್ಯೂಟರ್ ಬರುತ್ತದೆ ಎಂಬ ಒಂದೇ ಗುಣಕ್ಕಾಗಿ ಹೊಸ ಶಿಕ್ಷಕರೊಬ್ಬರು ಅರ್ಧ ವರ್ಷ ಮಕ್ಕಳ ಮುಖಕ್ಕಿಂತ ಹೆಚ್ಚಾಗಿ ಪರದೆಯನ್ನೇ ನೋಡಿದ್ದನ್ನು ನಾನು ಕಂಡಿದ್ದೇನೆ, ಅದರ ಬೇಸರ ಇಂದಿಗೂ ಹೋಗಿಲ್ಲ. ಮೊದಲ ವರ್ಷ ಪಾಠದ ಹೊರಗಿನ ಕೆಲಸಗಳಲ್ಲಿ ಒಂದನ್ನು ಮಾತ್ರ ಅವರಿಗೆ ವಹಿಸಿ. ಮಾರ್ಗದರ್ಶಿ ಬರುವ ದಿನ ಆ ಅವಧಿಯಲ್ಲಿ ಮಾಹಿತಿ ಕೇಳಿ ಕಚೇರಿಗೆ ಕರೆಯಬೇಡಿ.

ದಸರಾ ರಜೆಯ ನಂತರ

ಜೂನ್‌ನ ಹುರುಪು ಅಕ್ಟೋಬರ್‌ವರೆಗೆ ಉಳಿಯುವುದಿಲ್ಲ. ಮೊದಲ ಸಂಕಲನಾತ್ಮಕ ಮೌಲ್ಯಮಾಪನದ ಉತ್ತರ ಪತ್ರಿಕೆ ತಿದ್ದಿದ ಮೇಲೆ, ತಾವು ಕಲಿಸಿದೆವೆಂದುಕೊಂಡದ್ದು ಮಕ್ಕಳಿಗೆ ಮುಟ್ಟಿಲ್ಲವೆಂದು ಕಂಡು ಹೊಸಬರು ಕುಗ್ಗುವ ಕಾಲವಿದು. ರಜೆ ಮುಗಿದ ಮೊದಲ ವಾರ ಒಂದು ದೀರ್ಘ ಭೇಟಿ ಇಟ್ಟುಕೊಳ್ಳಿ. ಉತ್ತರ ಪತ್ರಿಕೆಗಳ ಜೊತೆಗೆ ಜೂನ್ ತಿಂಗಳ ಸೇತುಬಂಧದ ಪೂರ್ವ ಪರೀಕ್ಷೆಯ ಹಾಳೆಗಳನ್ನೂ ತರಿಸಿ, ಒಂದೇ ಮಗುವಿನ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಡಿ. ಒತ್ತಕ್ಷರ ಬಿಟ್ಟು ಬರೆಯುತ್ತಿದ್ದ ಹುಡುಗ ಈಗ ಬರೆಯುತ್ತಿರುವುದು ಅಂಕಗಳಲ್ಲಿ ಕಾಣುವುದಿಲ್ಲ, ಹಾಳೆಯಲ್ಲಿ ಕಾಣುತ್ತದೆ. ಐದಾರು ಮಕ್ಕಳ ಹಾಳೆ ನೋಡುವಷ್ಟರಲ್ಲಿ ಮಾತು ದೂರಿನಿಂದ ಮುಂದಿನ ಪಾಠಕ್ಕೆ ಹೊರಳುತ್ತದೆ.

ಮಾರ್ಗದರ್ಶಿಗಳೂ ತಿಂಗಳಿಗೊಮ್ಮೆ ತಮ್ಮತಮ್ಮಲ್ಲಿ ಸೇರಲಿ, ಹೊಸಬರ ಹೆಸರು ಎತ್ತದೆ ತಮಗೆ ಉತ್ತರ ಹೊಳೆಯದ ಪ್ರಶ್ನೆಗಳನ್ನು ಹಂಚಿಕೊಳ್ಳಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರೊಬ್ಬರು ಈ ಸಭೆಗೆ ಬರಲು ಒಪ್ಪಿದರೆ ಒಳ್ಳೆಯದು. ಹತ್ತಿರದಲ್ಲಿ ನಿವೃತ್ತ ಶಿಕ್ಷಕರಿದ್ದರೆ ಅವರನ್ನೂ ಕರೆಯಿರಿ, ಅವರಲ್ಲಿ ಸಮಯವಿದೆ, ಬಡ್ತಿ ವರ್ಗಾವಣೆಗಳ ಹಂಗಿಲ್ಲ.

ಮಾರ್ಚ್‌ನ ಕೊನೆಯ ಭೇಟಿಯಲ್ಲಿ ಪಾತ್ರಗಳು ಬದಲಾಗಲಿ. ಹೊಸ ಶಿಕ್ಷಕರು ಮಾರ್ಗದರ್ಶಿಯ ತರಗತಿಯ ಹಿಂದೆ ನೆಲದ ಮೇಲೆ ಕುಳಿತು, ಹಾಳೆಯ ನಡುವೆ ಗೆರೆ ಎಳೆದು, ಎಡಬಲಗಳಲ್ಲಿ ಕಂಡದ್ದನ್ನು ಬರೆಯಲಿ. ಊಟದ ನಂತರ "ಪಾಠ ಹೇಗಾಯಿತು ಅನ್ನಿಸಿತು?" ಎಂದು ಅವರೇ ಕೇಳಲಿ, ಹಾಳೆಯನ್ನು ಮಾರ್ಗದರ್ಶಿಯ ಕಡೆ ತಿರುಗಿಸಲಿ. ನಾನು ಮೇಲೆ ಹೇಳಿದ ಆ ಶಿಕ್ಷಕಿ ನನ್ನ ಪಾಠ ನೋಡಿ ಬರೆದುಕೊಂಡಿದ್ದ ಹಾಳೆಯಲ್ಲಿ, ಬಲಗಡೆ, ಸಮಯ ಸಹಿತ ಒಂದು ಸಾಲು ಇತ್ತು: "11.20, ಬಾಗಿಲ ಪಕ್ಕದ ಹುಡುಗಿ ಮೂರು ಸಲ ಕೈ ಎತ್ತಿದಳು, ಸರ್ ನೋಡಲಿಲ್ಲ."